ಕುರಿ ಕಡಿಯುವವನ ಮನೆ ಮತ್ತು ನಮ್ಮಪ್ಪನ ಚಮಚ



ಇದು ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮಪ್ಪ ಚಮಚದಲ್ಲಿ ಉಣ್ತಿದ್ದ. ಮುದ್ದೆಯನ್ನೂ ಚಮಚದಲ್ಲೇ ಮುರಿದು, ಸಾರಿಗೆ ಅದ್ದಿ ನುಂಗ್ತಿದ್ದ. ಕೇರಿಯಲ್ಲಿ ಇದೊಂದು ದೊಡ್ಡ ತಮಾಷೆ. "ನಿಮ್ಮಪ್ಪ ದೊರೆ ಕಣ್ಲಾ, ಕೈ ಮೈಲಿಗೆ ಆಯ್ತದೆ ಅಂತ ಚಮಚ ಹಿಡಿತಾನೆ" ಅಂತ ಹುಡುಗರು ರೇಗಿಸೋರು. ನನಗೆ ಅವಮಾನ ಆಗೋದು. ಅಪ್ಪ ಕೆಲಸ ಮಾಡ್ತಿದ್ದುದು ಒಂದು ತೊಗಲು ಮಂಡಿಯಲ್ಲಿ. ಕಸಾಯಿಖಾನೆಯಿಂದ ಬಂದ ಹಸಿ ತೊಗಲನ್ನು ಹರವಿ, ಕಲ್ಲುಪ್ಪು ತಿಕ್ಕಿ, ಮಡಿಸಿ ಒಟ್ಟೋದು. ಬೆಳಗಿಂದ ಸಂಜೆವರೆಗೆ ಉಪ್ಪಿನಲ್ಲೇ ಕೈ. ಅಂಗೈ ಪೂರ್ತಿ ಸೀಳು. ಆ ಕೈಗೆ ಬಿಸಿ ಸಾರು, ಖಾರ ತಾಗಿದರೆ ಉರಿ ತಡೆಯೋಕೆ ಆಗ್ತಿರಲಿಲ್ಲ. ಅದಕ್ಕೆ ಚಮಚ. ಈ ಕಾರಣ ನನಗೆ ಗೊತ್ತಾಗಿದ್ದು ಅವನು ಸತ್ತ ಮೇಲೆ, ಅವ್ವ ಹೇಳಿದಾಗ.

ಅಪ್ಪ ನಮ್ಮನ್ನು ಹೊಡೆದವನಲ್ಲ, ಎತ್ತಿ ಮುದ್ದಾಡಿದವನೂ ಅಲ್ಲ. ರಾತ್ರಿ ನಿದ್ದೆ ಬಾರದೆ ಜಗಲಿ ಮೇಲೆ ಕೂತಿರೋನು. ಅವನಿಗೆ ನಮ್ಮ ಮೇಲೆ ಪ್ರೀತಿ ಇಲ್ಲ ಅಂತ ನಾನು ಬಹಳ ವರ್ಷ ನಂಬಿದ್ದೆ.

ಹೋದ ತಿಂಗಳು ಬೆಂಗಳೂರಲ್ಲಿರೋ ನಮ್ಮ ಹುಡುಗನೊಬ್ಬ ಪೆನ್ ಡ್ರೈವ್‌ನಲ್ಲಿ ಒಂದು ಸಿನಿಮಾ ಹಾಕಿ ಕೊಟ್ಟ. "ಅಣ್ಣ, ಇದನ್ನ ನೋಡಿ, ಆಮೇಲೆ ಮಾತಾಡೋಣ" ಅಂದ. ಹೆಸರು ‘ಕಿಲ್ಲರ್ ಆಫ್ ಶೀಪ್’. ಕುರಿ ಕಡಿಯುವವನು ಅಂತ ಅರ್ಥ. ಅಮೆರಿಕದ ಕಪ್ಪು ಜನರ ಸಿನಿಮಾ, ಕಪ್ಪು ಬಿಳುಪು, ಎಂಬತ್ತು ನಿಮಿಷ. ನಿರ್ದೇಶಕ ಚಾರ್ಲ್ಸ್ ಬರ್ನೆಟ್. ಅವರ ಇಂಗ್ಲಿಷು ನನ್ನ ಬಿಎ ಇಂಗ್ಲಿಷಿಗೆ ಅರ್ಧ ಮಾತ್ರ ಸಿಕ್ತು. ಆದರೂ ಮೊದಲ ಹತ್ತು ನಿಮಿಷಕ್ಕೇ ಗೊತ್ತಾಯ್ತು, ಇದು ನಮ್ಮ ಮನೆ ಅಂತ.

ಸಿನಿಮಾದ ಮಾತಿಗೆ ಮೊದಲು ಅದು ಹುಟ್ಟಿದ ಊರಿನ ಚರಿತ್ರೆ ಹೇಳಬೇಕು. ಇಲ್ಲದಿದ್ರೆ ಅದು ಬರೀ ಬಡತನದ ಕಥೆ ಅನ್ನಿಸಿಬಿಡುತ್ತೆ.

ಊರು ಲಾಸ್ ಏಂಜಲಿಸ್. ಹಾಲಿವುಡ್ ಇರೋ ಅದೇ ಊರು. ಅದರ ದಕ್ಷಿಣಕ್ಕೆ ವಾಟ್ಸ್ ಅಂತ ಒಂದು ಪ್ರದೇಶ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿ ಹೊಲದಲ್ಲಿ ದುಡೀತಿದ್ದ ಕಪ್ಪು ಜನ ಎರಡನೇ ಮಹಾಯುದ್ಧದ ಕಾಲಕ್ಕೆ ಫ್ಯಾಕ್ಟರಿ ಕೆಲಸ ಹುಡುಕಿಕೊಂಡು ಸಾವಿರಗಟ್ಟಲೆ ಇಲ್ಲಿಗೆ ಬಂದರು. ಹಳ್ಳಿಯ ಜಾತಿ ತಪ್ಪಿಸ್ಕೊಂಡು ನಮ್ಮವರು ಬೆಂಗಳೂರಿಗೋ ಬೊಂಬಾಯಿಗೋ ಹೋದ ಹಾಗೆ. ಬರ್ನೆಟ್ ಹುಟ್ಟಿದ್ದು 1944ರಲ್ಲಿ, ಮಿಸಿಸಿಪ್ಪಿ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿ. ಎಳೆ ಮಗುವಾಗಿದ್ದಾಗಲೇ ಅವರ ಮನೆಯವರೂ ಹೀಗೇ ವಾಟ್ಸ್‌ಗೆ ಬಂದವರು.

ಬಂದವರಿಗೆ ಊರಲ್ಲಿ ಎಲ್ಲಿ ಬೇಕಾದ್ರೂ ಮನೆ ಸಿಗ್ತಿತ್ತಾ? ಇಲ್ಲ. ಎಷ್ಟೋ ಬಡಾವಣೆಗಳಲ್ಲಿ ಕ್ರಯಪತ್ರದಲ್ಲೇ ಷರತ್ತು ಬರೆದಿರ್ತಿತ್ತು, ಕಪ್ಪು ಜನಕ್ಕೆ ಮಾರಕೂಡದು ಅಂತ. ಈ ಷರತ್ತನ್ನು ಕೋರ್ಟುಗಳು ಜಾರಿ ಮಾಡಕೂಡದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1948ರಲ್ಲಿ ಹೇಳ್ತು. 1963ರಲ್ಲಿ ಮನೆ ಮಾರೋದು, ಬಾಡಿಗೆಗೆ ಕೊಡೋದರಲ್ಲಿ ಭೇದ ಮಾಡಬಾರದು ಅಂತ ಕ್ಯಾಲಿಫೋರ್ನಿಯಾ ಒಂದು ಕಾಯ್ದೆ ತಂತು. ಮುಂದಿನ ವರ್ಷವೇ ಜನಮತ ತಗೊಂಡು, ಭಾರೀ ಬಹುಮತದಲ್ಲಿ ಆ ಕಾಯ್ದೆಯನ್ನ ಹೊಡೆದು ಹಾಕಿದರು. ಕೋರ್ಟು ಆಮೇಲೆ ಅದನ್ನ ಸರಿ ಮಾಡ್ತು ಅನ್ನೋದು ಬೇರೆ ಮಾತು. ಬಾಡಿಗೆ ಮನೆ ಕೇಳೋಕೆ ಹೋಗಿ, "ನೀವು ಯಾವ ಜನ?" ಅನ್ನೋ ಪ್ರಶ್ನೆಗೆ ಉತ್ತರ ಹೇಳಿ, ವಾಪಸ್ ಬಂದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

1965ರ ಆಗಸ್ಟ್ 11ರ ಸಂಜೆ ಪೊಲೀಸರು ಒಬ್ಬ ಕಪ್ಪು ಯುವಕನ ಕಾರು ತಡೆದು ಅವನನ್ನ ಹಿಡಿದರು. ಜನ ಸೇರಿದರು, ಗಲಾಟೆ ಆಯ್ತು. ಒಳಗೆ ಕುದೀತಿದ್ದುದೆಲ್ಲ ಹೊರಗೆ ಬಂತು. ಆರು ದಿನ ವಾಟ್ಸ್ ಹೊತ್ತಿ ಉರೀತು. 34 ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನಕ್ಕೆ ಗಾಯ, ನಾಲ್ಕು ಸಾವಿರದ ಹತ್ತಿರ ಜನ ಜೈಲಿಗೆ. ಸರ್ಕಾರ ಆಯೋಗ ಮಾಡ್ತು, ವರದಿ ಬಂತು. ಟಿವಿ ಕ್ಯಾಮೆರಾಗಳು ಬಂದವು, ಬೆಂಕಿ ತೋರಿಸಿದವು, ಹೋದವು.

ಬೆಂಕಿ ಆರಿದ ಮೇಲೆ ಆ ಮನೆಗಳಲ್ಲಿ ಏನಾಯ್ತು? ಅದನ್ನ ತೋರಿಸೋಕೆ ಯಾವ ಟಿವಿಯವರೂ ಇರಲಿಲ್ಲ. ಅದನ್ನ ತೋರಿಸಿದ್ದು ಈ ಸಿನಿಮಾ.

ಆ ಕಾಲದ ವಿದ್ಯಾರ್ಥಿ ಚಳವಳಿಯ ಒತ್ತಡದಿಂದ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಿನಿಮಾ ವಿಭಾಗದ ಬಾಗಿಲು ಕಪ್ಪು ಮತ್ತು ಇತರ ಬಿಳಿಯರಲ್ಲದ ಹುಡುಗ ಹುಡುಗಿಯರಿಗೆ ಸ್ವಲ್ಪ ತೆರೀತು. ಬರ್ನೆಟ್, ಹೈಲೆ ಗೆರಿಮಾ, ಜೂಲಿ ಡ್ಯಾಶ್, ಬಿಲ್ಲಿ ವುಡ್‌ಬೆರಿ, ಇವರೆಲ್ಲ ಅಲ್ಲಿಂದ ಬಂದವರು. ಇವರ ಗುಂಪಿಗೆ ‘ಎಲ್.ಎ. ರೆಬೆಲಿಯನ್’ ಅನ್ನೋ ಹೆಸರು ಆಮೇಲೆ ಬಂತು. 1972-73ರಲ್ಲಿ ಬರ್ನೆಟ್ ವಾರಾಂತ್ಯಗಳಲ್ಲಿ ತಮ್ಮ ಬೀದಿಯಲ್ಲೇ, ಬಹುಪಾಲು ಗೆಳೆಯರನ್ನೂ ಅಕ್ಕಪಕ್ಕದವರನ್ನೂ ಬೀದಿ ಮಕ್ಕಳನ್ನೂ ಹಾಕ್ಕೊಂಡು 16 ಎಂಎಂ ಕ್ಯಾಮೆರಾದಲ್ಲಿ ಚಿತ್ರೀಕರಣ ಮಾಡಿದರು. ಖರ್ಚು ಹತ್ತು ಸಾವಿರ ಡಾಲರಿಗೂ ಕಮ್ಮಿ. 1977ರಲ್ಲಿ ಅದನ್ನೇ ತಮ್ಮ ಸ್ನಾತಕೋತ್ತರ ಪದವಿಯ ಪ್ರಬಂಧವಾಗಿ ಒಪ್ಪಿಸಿದರು.

ಈ ಇಸವಿಗಳನ್ನ ಗಮನಿಸಿ. ವಾಟ್ಸ್ ಉರಿದ ಮರು ವರ್ಷ, 1966ರಲ್ಲಿ, ಓಕ್‌ಲೆಂಡ್‌ನಲ್ಲಿ ಬ್ಲಾಕ್ ಪ್ಯಾಂಥರ್ ಪಾರ್ಟಿ ಹುಟ್ಟಿತು. ಆ ಹೆಸರನ್ನೇ ಇಟ್ಟುಕೊಂಡು 1972ರಲ್ಲಿ ಬೊಂಬಾಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರ ಬೂಸಾ ಮಾತು, ಅದರ ಗಲಾಟೆ, ಅಲ್ಲಿಂದ ನಮ್ಮ ದಲಿತ ಚಳವಳಿಯ ಕಿಚ್ಚು. ಇಲ್ಲಿ ನಮ್ಮವರು ಹಾಸ್ಟೆಲಿಂದ ಬೀದಿಗೆ ಬರ್ತಿದ್ದ ಹೊತ್ತಲ್ಲೇ ಅಲ್ಲೊಬ್ಬ ಕಪ್ಪು ಹುಡುಗ ತನ್ನ ಕೇರಿಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ. ಈ ನಂಟು ಇನ್ನೂ ಹಳೇದು. 1913ರಿಂದ 1916ರವರೆಗೆ ಬಾಬಾಸಾಹೇಬರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಕಪ್ಪು ಜನರ ಹಾರ್ಲೆಮ್‌ಗೆ ಅಂಟಿಕೊಂಡಿದೆ. 1946ರಲ್ಲಿ ಅವರು ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. ಡು ಬಾಯ್ಸ್ ಉತ್ತರವನ್ನೂ ಬರೆದಿದ್ದರು.

ಈಗ ಸಿನಿಮಾಕ್ಕೆ ಬರ್ತೀನಿ.

ಸ್ಟ್ಯಾನ್ ಅನ್ನೋನು ಕುರಿ ಕಡಿಯೋ ಕಸಾಯಿಖಾನೆಯಲ್ಲಿ ಕೂಲಿ. ಹೆಂಡತಿ, ಒಬ್ಬ ಮಗ, ಒಬ್ಬಳು ಪುಟ್ಟ ಮಗಳು. ಅವನಿಗೆ ನಿದ್ದೆ ಬರಲ್ಲ. ಇಷ್ಟೇ. ಕಥೆ ಅಂತ ಹೇಳೋಕೆ ಹೆಚ್ಚೇನೂ ಇಲ್ಲ. ಕೊಲೆ ಇಲ್ಲ, ಕೋರ್ಟಿಲ್ಲ, ಚಾಟಿ ಹಿಡಿದ ಬಿಳಿ ಯಜಮಾನ ಇಲ್ಲ. ಮಕ್ಕಳು ಖಾಲಿ ಜಾಗದಲ್ಲಿ ಕಲ್ಲು ತೂರಾಡ್ತಾವೆ, ಒಂದು ತಾರಸಿಯಿಂದ ಇನ್ನೊಂದಕ್ಕೆ ಹಾರ್ತಾವೆ. ಮಗಳು ನಾಯಿ ಮುಖವಾಡ ಹಾಕ್ಕೊಂಡು ಮನೆ ತುಂಬ ಓಡಾಡ್ತಾಳೆ. ಸ್ಟ್ಯಾನ್ ಕೆಲಸಕ್ಕೆ ಹೋಗ್ತಾನೆ, ಬರ್ತಾನೆ.

ಒಂದು ದೃಶ್ಯ. ಅವನೂ ಗೆಳೆಯನೂ ಅಡಿಗೆಮನೆಯಲ್ಲಿ ಟೀ ಕುಡೀತಾ ಕೂತಿದ್ದಾರೆ. ಸ್ಟ್ಯಾನ್ ಬಿಸಿ ಕಪ್ಪನ್ನ ಕೆನ್ನೆಗೆ ಒತ್ತಿಕೊಳ್ತಾನೆ. ಆ ಬಿಸಿ, ಹೆಣ್ಣಿನ ಜೊತೆ ಇರುವಾಗಿನ ಬಿಸುಪಿನ ಹಾಗಿದೆ ಅಂತಾನೆ. ಗೆಳೆಯ ನಗ್ತಾನೆ. ನನಗೆ ನಗು ಬರಲಿಲ್ಲ. ಆ ಬಿಸುಪು ಬೇಕು ಅಂತ ಅವನಿಗೂ ಆಸೆ ಇದೆ. ಪಕ್ಕದಲ್ಲೇ ಹೆಂಡತಿ ಇದ್ದಾಳೆ. ಆದರೆ ಅವಳ ಹತ್ತಿರ ಹೋಗೋಕೆ ಮೈಯಲ್ಲಿ ಏನೂ ಉಳಿದಿಲ್ಲ. ಗಂಡ ಹೆಂಡತಿ ಕತ್ತಲ ಕೋಣೆಯಲ್ಲಿ ಡೈನಾ ವಾಷಿಂಗ್ಟನ್ ಹಾಡಿಗೆ ನಿಧಾನಕ್ಕೆ ಕುಣಿಯೋ ದೃಶ್ಯವೂ ಇದೆ. ಅವಳು ಅವನ ಬೆನ್ನು ಸವರ್ತಾಳೆ, ತಬ್ಬಿಕೊಳ್ತಾಳೆ. ಹಾಡು ಮುಗಿಯುತ್ತೆ, ಅವನು ಬಿಡಿಸಿಕೊಂಡು ಹೊರಟುಬಿಡ್ತಾನೆ. ಅವಳು ಕಿಟಕಿ ಹತ್ತಿರ ಒಬ್ಬಳೇ ಉಳೀತಾಳೆ.

ಇನ್ನೊಂದು ಕಡೆ ಸ್ಟ್ಯಾನ್‌ಗೆ ಸಿಟ್ಟು ಬರುತ್ತೆ, ತಾನು ಬಡವ ಅಂದಿದ್ದಕ್ಕೆ. ನಾನೇ ದಾನಕ್ಕೆ ಸಾಮಾನು ಕೊಡ್ತೀನಿ, ಬಡವ ಹೇಗಾಗ್ತೀನಿ ಅಂತ ವಾದ ಮಾಡ್ತಾನೆ. ನಮ್ಮಪ್ಪನೂ ಹೀಗೇ. ಮನೆಯಲ್ಲಿ ಅಕ್ಕಿ ಇಲ್ಲದ ದಿನವೂ ಕೇರಿಯ ಮದುವೆಗೆ ಮುಯ್ಯಿ ಹಾಕದೆ ಬಂದವನಲ್ಲ.

ಆಮೇಲೆ ಆ ಇಂಜಿನ್ನಿನ ದೃಶ್ಯ. ಸ್ಟ್ಯಾನೂ ಗೆಳೆಯನೂ ಒಂದು ಹಳೇ ಕಾರಿನ ಇಂಜಿನ್ ಕೊಳ್ತಾರೆ. ಉಸಿರು ಕಟ್ಟಿ ಮೆಟ್ಟಿಲು ಇಳಿಸ್ತಾರೆ. ಟ್ರಕ್ಕಿನ ಹಿಂದೆ ಅಂಚಿಗೆ ಇಡ್ತಾರೆ. ಸುಸ್ತು, ಕೈನೋವು. ಇನ್ನೊಂದು ಚೂರು ಒಳಗೆ ತಳ್ಳೋಕೆ ತ್ರಾಣ ಇಲ್ಲ, ಸಾಕು ಬಿಡು ಅಂತಾರೆ. ಗಾಡಿ ಏರು ರಸ್ತೆಯಲ್ಲಿ ಹೊರಡುತ್ತೆ, ಇಂಜಿನ್ ಜಾರಿ ರಸ್ತೆಗೆ ಬಿದ್ದು ಒಡೆದುಹೋಗುತ್ತೆ. ಅದನ್ನ ಅಲ್ಲೇ ಬಿಟ್ಟು ಹೋಗ್ತಾರೆ.

ಎರಡನೇ ಸಲ ನಾನು ನೋಡುವಾಗ ಅವ್ವ ಪಕ್ಕದಲ್ಲಿ ಕೂತಿದ್ಲು. ಭಾಷೆ ಒಂದಕ್ಷರ ಬರಲ್ಲ. ಇಂಜಿನ್ ಬಿದ್ದಾಗ "ಅಯ್ಯೋ, ಹಗ್ಗ ಕಟ್ಟಬಾರದಿತ್ತಾ" ಅಂತ ಕೂಗಿದಳು. ಒಂದು ಕ್ಷಣ ಬಿಟ್ಟು, "ಸುಸ್ತಾಗಿದ್ರು ಕಣಪ್ಪ ಪಾಪ" ಅಂದಳು. ಗಂಡ ಹೆಂಡತಿ ಕುಣಿಯೋ ದೃಶ್ಯ ಬಂದಾಗ ಎದ್ದು ಒಳಗೆ ಹೋದಳು. ನಾಚಿಕೆಗೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಒಲೆ ಮುಂದೆ ಸುಮ್ಮನೆ ಕೂತಿದ್ಲು, ಒಲೆ ಹಚ್ಚಿರಲಿಲ್ಲ.

ನಮ್ಮ ಸಂಗಾತಿಯೊಬ್ಬರಿಗೆ ಇದರ ಬಗ್ಗೆ ಹೇಳಿದೆ. "ಇದರಲ್ಲಿ ಹೋರಾಟ ಎಲ್ಲಿದೆ? ನಮ್ಮ ಜನ ಸೋತು ಕೂತಿರೋದನ್ನ ತೋರಿಸಿದ್ರೆ ಚಳವಳಿಗೆ ಏನು ಲಾಭ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನೂ ಇಪ್ಪತ್ತು ವರ್ಷದಿಂದ ವೇದಿಕೆ ಹತ್ತಿ ಭಾಷಣ ಮಾಡ್ತಿರೋನೇ.

ಬರ್ನೆಟ್‌ಗೂ ಈ ಪ್ರಶ್ನೆ ಇತ್ತು. ಅವರ ಕಾಲದ ವಿದ್ಯಾರ್ಥಿಗಳು ಕಾರ್ಮಿಕರ ಬಗ್ಗೆ ಸಿನಿಮಾ ಮಾಡ್ತಿದ್ರು. ಅದರಲ್ಲಿ ಒಂದು ಸಮಸ್ಯೆ, ಅದಕ್ಕೊಂದು ಸಂಘಟನೆ, ಕೊನೆಗೆ ಒಂದು ಪರಿಹಾರ. ತಾನು ಕಂಡ ಜನರ ಬದುಕು ಹಾಗೆ ಇರಲಿಲ್ಲ ಅಂತ ಬರ್ನೆಟ್ ಹೇಳ್ಕೊಂಡಿದ್ದಾರೆ. ಇನ್ನೊಂದು ಕಡೆ ಹಾಲಿವುಡ್ ಆಗ ಕಪ್ಪು ಹೀರೋಗಳನ್ನ ಮಾರ್ತಿತ್ತು. 1971ರಲ್ಲಿ ‘ಶಾಫ್ಟ್’, 1972ರಲ್ಲಿ ‘ಸೂಪರ್ ಫ್ಲೈ’. ತೊಗಲಿನ ಕೋಟು, ಕೈಯಲ್ಲಿ ಪಿಸ್ತೂಲು. ಅಂದ್ರೆ ಕಪ್ಪು ಗಂಡಸಿಗೆ ಎರಡೇ ವೇಷ. ಒಂದೋ ಬಲಿಪಶು, ಇಲ್ಲಾ ಹೀರೋ. ಕೆಲಸ ಮುಗಿಸಿ ಬಂದು ಮಗಳನ್ನ ಎತ್ತಿಕೊಳ್ಳೋ ಅಪ್ಪನ ಪಾತ್ರ ಯಾರಿಗೂ ಬೇಕಾಗಿರಲಿಲ್ಲ.

ನಮ್ಮಲ್ಲೂ ಅಷ್ಟೇ ಅಲ್ವಾ? ನಾವು ವೇದಿಕೆ ಮೇಲೆ ಅಪ್ಪಂದಿರ ಬಗ್ಗೆ ಮಾತಾಡೋದು ಅವರನ್ನ ಯಾರಾದ್ರೂ ಹೊಡೆದಾಗ, ಕೊಂದಾಗ, ಊರಿಂದ ಹೊರಗೆ ಹಾಕಿದಾಗ. ನಮ್ಮಪ್ಪನನ್ನ ಯಾರೂ ಹೊಡೆದು ಕೊಲ್ಲಲಿಲ್ಲ. ಉಪ್ಪು ದಿನಾ ಒಂದಿಷ್ಟು ತಿಂತು. ಅದಕ್ಕೆ ಎಫ್‌ಐಆರ್ ಇಲ್ಲ. ದಬ್ಬಾಳಿಕೆ ಅನ್ನೋದು ಮನೆಯೊಳಗೆ ಬರುವಾಗ ಸುಸ್ತಿನ ರೂಪದಲ್ಲಿ ಬರುತ್ತೆ. ಅದು ಅಪ್ಪನ ಕೈಯನ್ನ ಮಕ್ಕಳ ತಲೆವರೆಗೂ ಬರೋಕೆ ಬಿಡಲ್ಲ. ಇದನ್ನ ಹೇಳದಿದ್ರೆ ನಮ್ಮ ಚರಿತ್ರೆ ಅರ್ಧ ಚರಿತ್ರೆ.

ಸಿನಿಮಾಕ್ಕೆ ಆದ ಅನ್ಯಾಯವನ್ನೂ ಹೇಳಬೇಕು. 1981ರಲ್ಲಿ ಬರ್ಲಿನ್ ಉತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. 1990ರಲ್ಲಿ ಅಮೆರಿಕ ಸರ್ಕಾರವೇ ಉಳಿಸಿಕೊಳ್ಳಬೇಕಾದ ಸಿನಿಮಾಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸ್ತು. ಆದರೆ ಥಿಯೇಟರಿಗೆ ಬಂದಿದ್ದು 2007ರಲ್ಲಿ, ಅಂದ್ರೆ ಮೂವತ್ತು ವರ್ಷದ ಮೇಲೆ. ಯಾಕೆ? ಹಾಡುಗಳ ಹಕ್ಕು. ಬರ್ನೆಟ್ ಕಪ್ಪು ಜನರ ಸಂಗೀತದ ಚರಿತ್ರೆಯನ್ನೇ ಸಿನಿಮಾದೊಳಗೆ ಇಟ್ಟಿದ್ದರು. ಪಾಲ್ ರೋಬ್‌ಸನ್, ಡೈನಾ ವಾಷಿಂಗ್ಟನ್, ಲೂಯಿ ಆರ್ಮ್‌ಸ್ಟ್ರಾಂಗ್. ವಿದ್ಯಾರ್ಥಿ ಸಿನಿಮಾ ಅಂತ ಅನುಮತಿ ತಗೊಂಡಿರಲಿಲ್ಲ. ಆಮೇಲೆ ಹಕ್ಕು ಕೊಳ್ಳೋಕೆ ಸುಮಾರು ಒಂದೂವರೆ ಲಕ್ಷ ಡಾಲರ್ ಬೇಕಾಯ್ತು. ಸಿನಿಮಾದ ಖರ್ಚಿಗಿಂತ ಹದಿನೈದು ಪಟ್ಟು. ಅಷ್ಟು ಕೊಟ್ರೂ ಒಂದು ಹಾಡು ಸಿಗದೆ, ಅದರ ಜಾಗದಲ್ಲಿ ಬೇರೆ ಹಾಕಬೇಕಾಯ್ತು. ಯಾರ ಅಜ್ಜ ಅಜ್ಜಿಯರ ನೋವಿಂದ ಆ ಸಂಗೀತ ಹುಟ್ಟಿತೋ ಅವರ ಮೊಮ್ಮಗನೇ ದುಡ್ಡು ಕೊಟ್ಟು ಕೊಳ್ಳಬೇಕು! ನಾನು ಗುಮಾಸ್ತ. ಒಂದು ಸಹಿ ಇಲ್ಲದೆ ಒಂದು ಫೈಲು ವರ್ಷಗಟ್ಟಲೆ ಕೂರೋದನ್ನ ದಿನಾ ನೋಡ್ತೀನಿ. ಯಾರ ಫೈಲು ಕೂರುತ್ತೆ ಅನ್ನೋದೂ ಗೊತ್ತು.

ಹೊಗಳಿಕೆ ಇಷ್ಟಕ್ಕೇ ನಿಲ್ಲಿಸಿ ಒಂದು ತಕರಾರು ಹೇಳ್ತೀನಿ. ಈ ಸಿನಿಮಾದಲ್ಲಿ ಸ್ಟ್ಯಾನ್ ಹೆಂಡತಿಗೆ ಹೆಸರೇ ಇಲ್ಲ. ಪಾತ್ರಗಳ ಪಟ್ಟಿಯಲ್ಲೂ ‘ಸ್ಟ್ಯಾನ್‌ನ ಹೆಂಡತಿ’ ಅಷ್ಟೇ. ಕೇಸಿ ಮೂರ್ ಅನ್ನೋ ಕಲಾವಿದೆ ಮಾಡಿದ್ದಾರೆ. ಇಬ್ಬರು ಪುಂಡರು ಬಂದು ಸ್ಟ್ಯಾನ್‌ನ ಒಂದು ಕೊಲೆ ಕೆಲಸಕ್ಕೆ ಕರೆದಾಗ, ಗಂಡಸುತನದ ಮಾತಾಡಿದಾಗ, ಬಾಗಿಲಿಗೆ ಬಂದು ಅವರನ್ನ ದಬಾಯಿಸೋಳು ಅವಳೇ. ಮನೆ ನಿಂತಿರೋದು ಅವಳಿಂದ. ಆದರೆ ಹೆಸರಿಲ್ಲ. ಏಳು ವರ್ಷ ಆದಮೇಲೆ, 1984ರಲ್ಲಿ, ಬಿಲ್ಲಿ ವುಡ್‌ಬೆರಿ ನಿರ್ದೇಶನದಲ್ಲಿ ‘ಬ್ಲೆಸ್ ದೇರ್ ಲಿಟಲ್ ಹಾರ್ಟ್ಸ್’ ಬಂತು. ಕಥೆ ಬರೆದು ಕ್ಯಾಮೆರಾ ಹಿಡಿದದ್ದು ಬರ್ನೆಟ್ಟೇ. ಕೆಲಸ ಇಲ್ಲದ ಗಂಡ, ದುಡಿದು ಬರೋ ಹೆಂಡತಿ. ಅದೇ ಕೇಸಿ ಮೂರ್. ಈ ಸಲ ಪಾತ್ರಕ್ಕೆ ಆಂಡೇಸ್ ಅಂತ ಹೆಸರಿದೆ. ಅಡಿಗೆಮನೆಯಲ್ಲಿ ಗಂಡನ ಮುಂದೆ ನಿಂತು ಸುಮಾರು ಹತ್ತು ನಿಮಿಷ, ಕ್ಯಾಮೆರಾ ಕಟ್ ಆಗದೆ, ಅವಳು ಜಗಳ ಆಡ್ತಾಳೆ. ನನಗೆ ಸುಸ್ತಾಗಿದೆ, ನನಗೂ ಸುಸ್ತಾಗಿದೆ ಅನ್ನೋದೇ ಅವಳ ಜಗಳದ ಸಾರ.

ಕನ್ನಡಕ್ಕೆ ಬಂದ್ರೆ? ನಮಗೆ 1975ರ ‘ಚೋಮನ ದುಡಿ’ ಇದೆ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ರಾಷ್ಟ್ರಪತಿಗಳ ಸ್ವರ್ಣ ಕಮಲ. ಚೋಮನಾಗಿ ಎಂ.ವಿ. ವಾಸುದೇವರಾವ್ ನಟನೆ ನೋಡಿ ನಾನೂ ಅತ್ತಿದ್ದೀನಿ. ಆದರೆ ಆ ಕ್ಯಾಮೆರಾ ಕೇರಿಗೆ ಹೊರಗಿಂದ ಬಂದದ್ದು. ಅದು ಚೋಮನ ಸಾವನ್ನ ಕಂಡಷ್ಟು ಅವನ ಸಾಮಾನ್ಯ ದಿನಗಳನ್ನ ಕಾಣಲಿಲ್ಲ. ಒಳಗಿನಿಂದ ನೋಡಿದ್ದು ನಮ್ಮ ಸಾಹಿತ್ಯ. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜ ಹುಡುಕೋದು, ರಾತ್ರಿ ಮನೆಮಂದಿಯೆಲ್ಲ ಕೂತು ಕಡ್ಲೆಕಾಯಿ ತಿನ್ನೋದು, ಇವನ್ನ ಓದಿದವರಿಗೆ ನಾನು ಹೇಳ್ತಿರೋದು ಅರ್ಥ ಆಗುತ್ತೆ. ಅಲ್ಲಿ ಹಸಿವಿದೆ, ನಗೂನೂ ಇದೆ. ಮರಾಠಿಯಲ್ಲಿ 2013ರಲ್ಲಿ ನಾಗರಾಜ ಮಂಜುಳೆ ‘ಫಂಡ್ರಿ’ ಮಾಡಿದರು. ಹಂದಿ ಹಿಡಿಯೋ ಮನೆಯ ಹುಡುಗ ಕೊನೆಗೆ ಕಲ್ಲನ್ನ ನೋಡೋರ ಮುಖಕ್ಕೇ ಬೀಸ್ತಾನೆ. ಕನ್ನಡದ ತೊಗಲು ಮಂಡಿ, ಕನ್ನಡದ ಮ್ಯಾನ್‌ಹೋಲು, ಕನ್ನಡದ ಬೀದಿ ಕಸದ ಮನೆಗಳೊಳಗೆ ಇಂಥ ಕ್ಯಾಮೆರಾ ಎಷ್ಟು ಹೋಗಿದೆ? ನೀವೇ ಎಣಿಸಿ ಹೇಳಿ.

ನನ್ನ ತಪ್ಪನ್ನೂ ಒಪ್ಕೊಳ್ತೀನಿ. ಅಪ್ಪನ ಪುಣ್ಯತಿಥಿ ದಿನ ಕೇರಿಯವರ ಮುಂದೆ ನಾನು ಅರ್ಧ ಗಂಟೆ ಮಾತಾಡಿದೆ. ಶೋಷಣೆ, ಚಾತುರ್ವರ್ಣ್ಯ, ಬಂಡವಾಳ, ಎಲ್ಲ ಬಂತು. ಅಪ್ಪ ಬರಲಿಲ್ಲ. ಅವನ ಚಮಚದ ಮಾತು ಬರಲಿಲ್ಲ. ಮಾತು ಮುಗಿದ ಮೇಲೆ ಅವ್ವ ಹೇಳಿದ್ದು, "ಚೆನ್ನಾಗಿ ಮಾತಾಡ್ದೆ ಮಗ, ಯಾರ ಬಗ್ಗೆ ಅಂತ ಗೊತ್ತಾಗ್ಲಿಲ್ಲ." ಚಮಚದ ಕಾರಣ ಅವಳು ಬಿಡಿಸಿ ಹೇಳಿದ್ದು ಅವತ್ತು ರಾತ್ರಿಯೇ.

ಮಂಡಿಯ ಹಾಜರಿ ಪುಸ್ತಕದಲ್ಲಿ ಅಪ್ಪನ ಹೆಸರಿರಲಿಲ್ಲ, ದಿನಗೂಲಿಗೆ ಹಾಜರಿ ಯಾಕೆ ಅಂತಿದ್ರಂತೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಒಂದು ಚೀಟಿ ಇಲ್ಲ. ಅವನು ಅಲ್ಲಿ ಇಪ್ಪತ್ತಾರು ವರ್ಷ ದುಡಿದ ಅನ್ನೋದಕ್ಕೆ ಉಳಿದಿರೋ ದಾಖಲೆ ಅಂದ್ರೆ ಅವ್ವನ ನೆನಪು, ಮತ್ತೆ ನಮ್ಮ ಮನೆ ಗೂಡಲ್ಲಿರೋ ಒಂದು ಸ್ಟೀಲ್ ಚಮಚ.

ಅದಕ್ಕೇ ಗೆಳೆಯರಲ್ಲಿ ಒಂದು ಕೋರಿಕೆ. ಬರ್ನೆಟ್‌ಗೆ ಕ್ಯಾಮೆರಾ ಸಿಗೋಕೆ ವಿಶ್ವವಿದ್ಯಾಲಯದ ಬಾಗಿಲು ತೆರೀಬೇಕಾಯ್ತು. ಇವತ್ತು ನಮ್ಮ ಹುಡುಗ ಹುಡುಗಿಯರ ಜೇಬಲ್ಲೇ ಕ್ಯಾಮೆರಾ ಇದೆ. ನಿಮ್ಮ ಅಪ್ಪ ಅವ್ವ, ಅಜ್ಜ ಅಜ್ಜಿ ಮಾಡಿದ ಕೆಲಸ ಏನು, ಎಷ್ಟೊತ್ತಿಗೆ ಹೋಗ್ತಿದ್ರು, ಕೂಲಿ ಎಷ್ಟು, ಯಾವ ಬೆರಳು ನೋಯ್ತಿತ್ತು, ಬಂದು ಏನು ಉಣ್ತಿದ್ರು, ರಾತ್ರಿ ನಿದ್ದೆ ಬರ್ತಿತ್ತಾ, ಇಷ್ಟನ್ನ ಕೂರಿಸಿಕೊಂಡು ಕೇಳಿ, ರೆಕಾರ್ಡ್ ಮಾಡಿ ಇಡಿ. ಘೋಷಣೆ ಬೇಡ, ಹಿನ್ನೆಲೆ ಸಂಗೀತ ಬೇಡ. ಅವರ ಹೆಸರನ್ನ ಅವರ ಬಾಯಲ್ಲೇ ಹೇಳಿಸಿ. ಹೆಂಗಸರನ್ನ ಮೊದಲು ಕೇಳಿ.

ಮುಂದಿನ ಎರಡನೇ ಶನಿವಾರ ಸಂಜೆ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಈ ಸಿನಿಮಾದ ಕೆಲವು ದೃಶ್ಯಗಳನ್ನ ಇಟ್ಕೊಂಡು ಮಾತಾಡೋಣ ಅಂತಿದ್ದೀವಿ. ಇಂಗ್ಲಿಷ್ ಬರೋ ಹುಡುಗಿಯರು ಇಬ್ಬರು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾರೆ. ಬರೋರು ಮನೆಯ ಹಿರಿಯರನ್ನೂ ಕರ್ಕೊಂಡು ಬನ್ನಿ.

ಅವ್ವನ ಹೆಸರನ್ನ ನಾನೂ ಇಲ್ಲಿ ಬರೆದಿಲ್ಲ ಅಂತ ನಿಮಗೆ ಅನ್ನಿಸಿರಬಹುದು. "ಹಾಕ್ಲಾ ಅವ್ವ?" ಅಂತ ಕೇಳಿದೆ. "ನೀನ್ಯಾಕೆ ಹಾಕೋದು, ಶನಿವಾರ ಬತ್ತೀನಲ್ಲ, ನಾನೇ ಹೇಳ್ತೀನಿ" ಅಂದಳು.

ಜೈ ಭೀಮ್.